ಬಾಕಿ ಉಳಿಸಿಕೊಂಡು ಮಾಡುವ ಆತ್ಮಪರೀಕ್ಷೆ

ಮಾನ್ಯ ಸಂಪಾದಕರೇ,

ಈಸ್ಟರ್ ಹಬ್ಬಕ್ಕೆ ಮುಂಚಿನ ಲೆಂಟ್ ಎಂಬ ಉಪವಾಸ ಕಾಲದ ನಲವತ್ತು ದಿನಗಳಲ್ಲಿ ಬೀದರ್, ಹುಮನಾಬಾದ್, ಭಾಲ್ಕಿ, ಔರಾದ್ ಕಡೆಯ ನಮ್ಮ ಕ್ರೈಸ್ತ ಸಭೆಗಳಲ್ಲಿ ಉಪವಾಸ ಕೂಟಗಳು, ಮನೆಮನೆಯ ಸಂಜೆ ಪ್ರಾರ್ಥನೆಗಳು, ಶುಭ ಶುಕ್ರವಾರದಂದು ಶಿಲುಬೆಯ ಏಳು ಮಾತುಗಳ ಧ್ಯಾನ ಎಲ್ಲವೂ ಬಹಳ ನಿಷ್ಠೆಯಿಂದ ನಡೆಯುತ್ತವೆ. ಈ ಕೂಟಗಳಲ್ಲಿ ಪದೇ ಪದೇ ಕೇಳಿಬರುವ ಮಾತು ಆತ್ಮಪರೀಕ್ಷೆ. ಪ್ರಸಂಗ ಮುಗಿದ ಮೇಲೆ ಎಲ್ಲರೂ ಕಣ್ಣು ಮುಚ್ಚಿ ತಲೆ ಬಾಗಿಸುತ್ತೇವೆ, ಸ್ವಲ್ಪ ಹೊತ್ತು ಮೌನವಾಗಿರುತ್ತೇವೆ, ಕೆಲವರು ಕಣ್ಣೀರು ಹಾಕುತ್ತಾರೆ, ಆಮೇಲೆ ಒಂದು ಕೀರ್ತನೆ ಹಾಡಿ ಮನೆಗೆ ಹೋಗುತ್ತೇವೆ. ಆ ಕಣ್ಣೀರು ಸುಳ್ಳೆಂದು ನಾನು ಹೇಳಲಾರೆ. ಆದರೆ ಬಹುಕಾಲ ಶಾಲೆಯಲ್ಲಿ ಪಾಠ ಹೇಳಿದ ನನಗೆ ಗೊತ್ತಿರುವುದೇನೆಂದರೆ, ಪ್ರಶ್ನೆ ತೆಗೆಯುವವರು, ಉತ್ತರ ಬರೆಯುವವರು, ಅಂಕ ಹಾಕುವವರು ಮೂವರೂ ಒಬ್ಬರೇ ಆದ ಪರೀಕ್ಷೆಯಲ್ಲಿ ಯಾರೂ ನಪಾಸಾಗುವುದಿಲ್ಲ. ನಮ್ಮ ಆತ್ಮಪರೀಕ್ಷೆ ನಿಜವಾಗಬೇಕಾದರೆ ಅದಕ್ಕೆ ಹೊರಗಿನ ಸಾಕ್ಷಿಗಳು ಬೇಕು, ಮತ್ತು ನಾವು ಯಾರಿಗೆ ಬಾಕಿ ಉಳಿಸಿಕೊಂಡಿದ್ದೇವೆಯೋ ಅವರೇ ಆ ಸಾಕ್ಷಿಗಳಾಗಬೇಕು ಎಂದು ಹೇಳುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ.

ಇದನ್ನು ಸಭೆಯ ಮಾಸಪತ್ರಿಕೆಗೆ ಬರೆಯದೆ ಎಲ್ಲರೂ ಓದುವ ದಿನಪತ್ರಿಕೆಗೆ ಯಾಕೆ ಬರೆದಿರಿ ಎಂದು ನಮ್ಮವರೇ ಕೇಳಬಹುದು. ಕಾರಣವಿದೆ. ನಮ್ಮಲ್ಲಿ ಹೊಲ ಇದ್ದವರ ತೊಗರಿ ಕೊಯ್ಯುವವರು, ನೌಕರಿ ಇದ್ದವರ ಮನೆಯಲ್ಲಿ ಮುಸುರೆ ತಿಕ್ಕುವವರು, ನಮ್ಮಿಂದ ಬಡ್ಡಿಗೆ ರೊಕ್ಕ ಒಯ್ದವರು, ನಮ್ಮ ಅಂಗಡಿಗಳಲ್ಲಿ ದುಡಿಯುವ ಹುಡುಗರು, ನಮ್ಮ ಮನೆಗಳಲ್ಲಿ ಬಾಡಿಗೆಗೆ ಇರುವವರು, ಇವರಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ. ಅವರು ನಮ್ಮ ಪ್ರಸಂಗ ಕೇಳಿದವರಲ್ಲ, ನಮ್ಮ ನಡತೆಯನ್ನು ಮಾತ್ರ ಕಂಡವರು. ಆದ್ದರಿಂದ ಅವರ ಕೈಗೂ ಸಿಗುವ ಕಾಗದದಲ್ಲೇ ಈ ಮಾತು ಅಚ್ಚಾಗಬೇಕೆಂದು ನನ್ನ ಆಸೆ.

ಕಪಟದ ವಿಷಯದಲ್ಲಿ ಯೇಸು ಆಡಿದಷ್ಟು ಖಾರವಾದ ಮಾತನ್ನು ಬೇರೆ ಯಾವ ಪಾಪದ ವಿಷಯದಲ್ಲೂ ಆಡಿದಂತೆ ಕಾಣುವುದಿಲ್ಲ. ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ದಾನ, ಪ್ರಾರ್ಥನೆ, ಉಪವಾಸ ಈ ಮೂರನ್ನೂ ಜನರಿಗೆ ಕಾಣಲೆಂದು ಮಾಡುವವರು ತಮ್ಮ ಪ್ರತಿಫಲವನ್ನು ಆಗಲೇ ಪಡೆದುಕೊಂಡಾಯಿತು ಎಂದು ಆತನು ಹೇಳುತ್ತಾನೆ. 23ನೇ ಅಧ್ಯಾಯದಲ್ಲಿ ಪುದೀನ, ಸಬ್ಬಸಿಗೆ, ಜೀರಿಗೆಯಲ್ಲೂ ಹತ್ತರಲ್ಲೊಂದು ಪಾಲನ್ನು ಲೆಕ್ಕ ಹಾಕಿ ಕೊಟ್ಟು, ನ್ಯಾಯ, ಕರುಣೆ, ನಂಬಿಕೆಗಳನ್ನು ಬಿಟ್ಟುಬಿಟ್ಟವರನ್ನು ಆತನು ಗದರಿಸುತ್ತಾನೆ. ನಾವು ಈ ಅಧ್ಯಾಯಗಳನ್ನು ಓದುವಾಗ ಅಲ್ಲಿ ಗದರಿಸಿಕೊಂಡ ಫರಿಸಾಯರೆಂಬ ಯೆಹೂದ್ಯ ಧರ್ಮನಿಷ್ಠರನ್ನು ಯಾವುದೋ ಕಾಲದ, ಯಾವುದೋ ದೇಶದ ದುಷ್ಟರೆಂದು ತಿಳಿದು ನಿಶ್ಚಿಂತರಾಗುತ್ತೇವೆ. ಅದು ಸರಿಯಲ್ಲ. ಅವರು ತಮ್ಮ ಊರಿನಲ್ಲಿ ಮರ್ಯಾದೆಯುಳ್ಳವರು, ಶಾಸ್ತ್ರ ಬಲ್ಲವರು, ವಾರಕ್ಕೆ ಎರಡು ಸಾರಿ ಉಪವಾಸ ಮಾಡುವವರು, ತಪ್ಪದೆ ಕಾಣಿಕೆ ಕೊಡುವವರು. ನಮ್ಮ ಸಭೆಗಳಲ್ಲಿ ಅಂಥವರು ಕೂಡುವುದು ಮುಂದಿನ ಬೆಂಚಿನಲ್ಲಿ.

ಆತ್ಮಪರೀಕ್ಷೆಗೆ ನಾವು ಸಾಮಾನ್ಯವಾಗಿ ಆಧಾರ ಮಾಡಿಕೊಳ್ಳುವ ವಾಕ್ಯ ಕೊರಿಂಥ ಪಟ್ಟಣದ ಸಭೆಯವರಿಗೆ ಅಪೊಸ್ತಲನಾದ ಪೌಲನು ಬರೆದ ಮೊದಲನೆಯ ಪತ್ರಿಕೆಯ 11ನೇ ಅಧ್ಯಾಯದಲ್ಲಿದೆ. ಪ್ರತಿಯೊಬ್ಬನೂ ತನ್ನನ್ನು ಪರೀಕ್ಷಿಸಿಕೊಂಡ ಮೇಲೆ ಆ ರೊಟ್ಟಿಯನ್ನು ತಿನ್ನಲಿ, ಆ ಪಾತ್ರೆಯಲ್ಲಿ ಕುಡಿಯಲಿ ಎಂಬ 28ನೇ ವಚನವನ್ನು ಕರ್ತನ ಭೋಜನದ, ಅಂದರೆ ಯೇಸುವಿನ ನೆನಪಿನಲ್ಲಿ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಹಂಚಿಕೊಳ್ಳುವ ಆಚರಣೆಯ, ಪ್ರತಿಯೊಂದು ಭಾನುವಾರವೂ ಓದುತ್ತೇವೆ. ಆದರೆ ಅದಕ್ಕೆ ಏಳೆಂಟು ವಚನ ಹಿಂದೆ ಹೋಗಿ ಓದುವವರು ಕಡಿಮೆ. ಕೊರಿಂಥದ ಸಭೆಯಲ್ಲಿ ನಡೆದದ್ದೇನು? ಒಟ್ಟಾಗಿ ಉಣ್ಣಲು ಸೇರಿದ ಕೂಟದಲ್ಲಿ ಉಳ್ಳವರು ತಮ್ಮ ಊಟವನ್ನು ಮೊದಲೇ ಮುಗಿಸುತ್ತಿದ್ದರು. ಒಬ್ಬನು ಹಸಿದಿರುತ್ತಿದ್ದನು, ಇನ್ನೊಬ್ಬನು ಕುಡಿದು ಮತ್ತನಾಗಿರುತ್ತಿದ್ದನು. ಏನೂ ಇಲ್ಲದವರನ್ನು ನಾಚಿಕೆಪಡಿಸುತ್ತೀರಾ ಎಂದು ಪೌಲನು ಕೇಳುವುದು ಆಗ. ಕೊನೆಯಲ್ಲಿ ಅವನು ಕೊಡುವ ಅಪ್ಪಣೆಯೂ ಅಷ್ಟೇ ನೇರವಾದದ್ದು, ಊಟಕ್ಕೆ ಕೂಡಿಬರುವಾಗ ಒಬ್ಬರಿಗೊಬ್ಬರು ಕಾದುಕೊಂಡಿರಿ ಎಂದು. ಅಂದರೆ ಆ ಅಧ್ಯಾಯದ ಆತ್ಮಪರೀಕ್ಷೆ ಹುಟ್ಟಿದ್ದೇ ಉಳ್ಳವರು ಇಲ್ಲದವರ ಜೊತೆ ಹೇಗೆ ನಡೆದುಕೊಂಡರು ಎಂಬ ವಿಷಯದಿಂದ. ನಾವು ಆ ಸಂಗತಿಯನ್ನು ತೆಗೆದುಹಾಕಿ ವಚನವನ್ನಷ್ಟೇ ಇಟ್ಟುಕೊಂಡಿದ್ದೇವೆ.

ಅದರ ಪರಿಣಾಮ ನನಗೆ ಬಹಳ ನೋವು ಕೊಡುತ್ತದೆ. ಆ ವಚನಕ್ಕೆ ಹೆದರಿ ಕರ್ತನ ಮೇಜಿಗೆ ಬಾರದೆ ಹಿಂದೆ ಉಳಿಯುವವರು ಯಾರೆಂದು ನೋಡಿದರೆ ಬಡ ಹೆಣ್ಣುಮಕ್ಕಳೇ ಹೆಚ್ಚು. ನೆರೆಯವಳ ಜೊತೆ ನೀರಿನ ಸಲುವಾಗಿ ಜಗಳಾಡಿದ್ದೆ, ಗಂಡನಿಗೆ ಎದುರುತ್ತರ ಕೊಟ್ಟಿದ್ದೆ, ಮೈಯಲ್ಲಿ ಮಡಿ ಸೀರೆಯಿಲ್ಲ ಎಂದು ಅವರು ಗೋಡೆಯ ಪಕ್ಕದಲ್ಲೇ ಕೂತುಬಿಡುತ್ತಾರೆ. ಕೂಲಿ ಬಾಕಿ ಇಟ್ಟವರು, ವರ್ಷಗಟ್ಟಲೆ ಅಣ್ಣತಮ್ಮಂದಿರ ಹೊಲದ ಪಾಲು ಕೊಡದವರು ನಿಸ್ಸಂಕೋಚವಾಗಿ ಮುಂದೆ ಹೋಗಿ ಕಟಕಟೆಯ ಬಳಿ ಮೊಣಕಾಲೂರುತ್ತಾರೆ. ಪೌಲನು ಯಾರನ್ನು ಎಚ್ಚರಿಸಿದನೋ ಅವರಿಗೆ ಎಚ್ಚರವಾಗಿಲ್ಲ, ಯಾರ ಪರವಾಗಿ ಬರೆದನೋ ಅವರು ಹೆದರಿದ್ದಾರೆ.

ನಮ್ಮ ಭಾಗದಲ್ಲಿ ಮೆಥೋಡಿಸ್ಟ್ ಎಂಬ ಪ್ರಾಟೆಸ್ಟಂಟ್ ಪರಂಪರೆಯವರು ಹೆಚ್ಚು. ಆ ಪರಂಪರೆಯ ಮೂಲದಲ್ಲಿ ಆತ್ಮಪರೀಕ್ಷೆ ಎಂದೂ ಒಬ್ಬರೇ ಮಾಡುವ ಕೆಲಸವಾಗಿರಲಿಲ್ಲ. ಅದನ್ನು ಆರಂಭಿಸಿದ ಇಂಗ್ಲೆಂಡಿನ ಜಾನ್ ವೆಸ್ಲಿಯವರು 1738ರಲ್ಲಿ ಸಣ್ಣ ಗುಂಪುಗಳಿಗಾಗಿ ಬರೆದ ನಿಯಮಗಳಲ್ಲಿ, ಗುಂಪಿಗೆ ಸೇರುವ ಮುನ್ನ ಕೇಳಬೇಕಾದ ಪ್ರಶ್ನೆಗಳಲ್ಲೊಂದು, ನಿನ್ನ ತಪ್ಪುಗಳನ್ನು ಬೇರೆಯವರು ನಿನಗೆ ಹೇಳಬೇಕೆಂದು ಬಯಸುತ್ತೀಯಾ ಎಂಬುದು. 1742ರಲ್ಲಿ ಬ್ರಿಸ್ಟಲ್ ಊರಿನ ಸಭಾಮಂದಿರದ ಸಾಲ ತೀರಿಸುವುದಕ್ಕಾಗಿ, ಹನ್ನೆರಡು ಜನರ ಗುಂಪು ಮಾಡಿ, ವಾರಕ್ಕೊಂದು ಪೆನ್ನಿ ಕೂಡಿಸಲು ಗುಂಪಿಗೊಬ್ಬ ನಾಯಕನನ್ನು ಇಟ್ಟರು. ಹಾಗೆ ಮನೆಮನೆಗೆ ಹೋದ ನಾಯಕರು ಕೆಲವರ ಬದುಕು ಅವರ ಭಕ್ತಿಗೆ ತಕ್ಕಂತಿಲ್ಲದ್ದನ್ನು ಕಂಡು ವೆಸ್ಲಿಯವರಿಗೆ ಹೇಳಿದರು. ವಾರದ ಕ್ಲಾಸ್ ಮೀಟಿಂಗ್ ಎಂಬ ಪದ್ಧತಿ ಬೆಳೆದದ್ದು ಅಲ್ಲಿಂದ. 1743ರ ಸಾಮಾನ್ಯ ನಿಯಮಗಳಲ್ಲಿ ಅನ್ಯಾಯದ ಬಡ್ಡಿ ತೆಗೆದುಕೊಳ್ಳಬಾರದು, ತೀರಿಸುವ ದಾರಿ ಕಾಣದೆ ಸಾಲ ಮಾಡಬಾರದು, ಹಣ ಕೊಡಲಾಗದಿದ್ದಾಗ ಸಾಮಾನು ಉದ್ರಿ ತರಬಾರದು ಎಂದು ಸ್ಪಷ್ಟವಾಗಿ ಬರೆದಿದೆ. ಆಂಗ್ಲಿಕನ್ ಸಭೆಯ 1662ರ ಪ್ರಾರ್ಥನಾ ಪುಸ್ತಕದಲ್ಲಿ ಕರ್ತನ ಭೋಜನಕ್ಕೆ ಮುಂಚಿತವಾಗಿ ಓದುವ ಎಚ್ಚರಿಕೆಯಲ್ಲೂ, ಬೇರೆಯವರಿಗೆ ಮಾಡಿದ ಅನ್ಯಾಯವನ್ನು ಕೈಲಾದಷ್ಟು ಮಟ್ಟಿಗೆ ತುಂಬಿಕೊಡಲು ಸಿದ್ಧರಾಗಿ ಬರಬೇಕೆಂಬ ಮಾತಿದೆ. ಕಥೋಲಿಕರಲ್ಲೂ ಕದ್ದದ್ದನ್ನು ಹಿಂದಿರುಗಿಸುವ ಮನಸ್ಸಿಲ್ಲದೆ ಮಾಡುವ ಪಾಪನಿವೇದನೆಗೆ ಬೆಲೆಯಿಲ್ಲ. ಎಲ್ಲ ಕಡೆಯೂ ಹಿರಿಯರು ಒಂದೇ ಕಡೆಗೆ ಬೆರಳು ತೋರಿಸಿದ್ದಾರೆ.

ನಮ್ಮ ಹಳ್ಳಿಗಳಲ್ಲೂ ಇದು ಇಲ್ಲದ ಸಂಗತಿಯಲ್ಲ. ನಾನು ಚಿಕ್ಕವಳಿದ್ದಾಗ ಪಾದ್ರಿಯವರು ಸರ್ಕೀಟಿನ ಮೇಲೆ ಕೆಲವು ತಿಂಗಳಿಗೊಮ್ಮೆ ಬಂದು ಕರ್ತನ ಭೋಜನ ಕೊಡುತ್ತಿದ್ದರು. ಅವರು ಬರುವ ಹಿಂದಿನ ಸಂಜೆ ಊರಿನ ಉಪದೇಶಿಯವರು ಕಂದೀಲು ಹಿಡಿದು ಓಣಿಯ ಒಂದೊಂದು ಮನೆಯ ಮುಂದೆಯೂ ನಿಂತು ಕೇಳುತ್ತಿದ್ದರು: “ಯಾರ ಸಂಗಟರ ಮಾತು ಬಿಟ್ಟೀರೇನವ್ವಾ? ಯಾರದರ ಕೊಡೋದು ಬಾಕಿ ಅದ ಏನು?” ಅವರು ಒಳಗೆ ಬರುತ್ತಿರಲಿಲ್ಲ, ಕೂಡುತ್ತಿರಲಿಲ್ಲ, ಪ್ರಸಂಗ ಮಾಡುತ್ತಿರಲಿಲ್ಲ. ಉತ್ತರ ಬರುವ ತನಕ ಬಾಗಿಲಲ್ಲೇ ನಿಂತಿರುತ್ತಿದ್ದರು. ಅವರು ಮುಂದಿನ ಮನೆಗೆ ಹೋದ ಮೇಲೆ ನಮ್ಮ ಅಜ್ಜಿ ಒಂದು ಸೇರು ಜೋಳವನ್ನೋ, ಹಿಂದೆಂದೋ ತಂದ ಎಣ್ಣೆಯ ರೊಕ್ಕವನ್ನೋ ಸೆರಗಿನಲ್ಲಿ ಕಟ್ಟಿಕೊಂಡು ಕತ್ತಲಲ್ಲಿ ಹೊರಡುತ್ತಿದ್ದರು. ಓದು ಬರಹ ಬಾರದ ಆ ಜನ ಕೊರಿಂಥದ ಪತ್ರಿಕೆಯನ್ನು ನಮಗಿಂತ ಚೆನ್ನಾಗಿ ತಿಳಿದುಕೊಂಡಿದ್ದರು ಎಂದು ಈಗ ಅನ್ನಿಸುತ್ತದೆ.

ಈಚೆಗೆ ನಡೆದದ್ದನ್ನು ಹೇಳುತ್ತೇನೆ. ತೊಗರಿ ಕಟಾವಿನ ಕೂಲಿ ಬಾಕಿಯಿರುವ ಒಬ್ಬ ಹೆಣ್ಣುಮಗಳು ನಮ್ಮ ಓಣಿಗೆ ಬಂದಿದ್ದಳು. ಸಂಕ್ರಾಂತಿಗೆ ಮುಂಚೆ ಕೊಯ್ದ ತೊಗರಿ, ರಾಶಿಯಾಗಿ, ಚೀಲಕ್ಕೆ ಬಿದ್ದು, ಮಾರಾಟವಾಗಿ, ಲೆಂಟ್ ಶುರುವಾದರೂ ಅವಳ ಕೈಗೆ ರೊಕ್ಕ ಬಂದಿರಲಿಲ್ಲ. ಹೊಲದವರು ನಮ್ಮವರೇ, ಪ್ರಾರ್ಥನೆಯಲ್ಲಿ ಎಂದೂ ಹಿಂದೆ ಬೀಳದವರು. ಕೆಲಸದ ದಿನ ಅವರು ಸಿಗುವುದಿಲ್ಲವೆಂದು ಅವಳು ಭಾನುವಾರ ಆರಾಧನೆ ಬಿಡುವ ಹೊತ್ತಿಗೆ ಬಂದು ಗೇಟಿನ ಹತ್ತಿರ ಬಿಸಿಲಲ್ಲಿ ನಿಂತಿದ್ದಳು. ನಾನು ವಿಚಾರಿಸಿದಾಗ ಅವಳು ಸಿಟ್ಟಿಲ್ಲದೆ, ಅವರ ಮಾತನ್ನು ನಂಬಿಯೇ ಹೇಳಿದಳು: “ಐತಾರ ರೊಕ್ಕದ ಮಾತು ತೆಗೀಬಾರದಂತ ಅಕ್ಕೋರೆ. ದೇವರ ದಿನ ಅಂತ. ನಾಳೆ ಬಾ ಅಂದ್ರು.” ಅವಳು ಮರುದಿನ ಮತ್ತೆ ಬರಬೇಕಾದರೆ ಒಂದು ದಿನದ ಕೂಲಿ ಬಿಡಬೇಕು, ಹೆಂಗಸರಿಗೆ ಟಿಕೆಟ್ ಇಲ್ಲದ ಸರ್ಕಾರಿ ಬಸ್ಸಿಗೆ ಅವಳ ಆಧಾರ್ ಕಾರ್ಡ್ ಸಾಕಾಗುತ್ತದೆ, ಹೊಟ್ಟೆಗೆ ಸಾಕಾಗುವುದಿಲ್ಲ. ಸಬ್ಬತ್ ಎಂಬ ವಿಶ್ರಾಂತಿ ದಿನದಲ್ಲಿ ಬತ್ತಿದ ಕೈಯವನನ್ನು ಸಭೆಯ ನಡುವೆ ನಿಲ್ಲಿಸಿ ವಾಸಿಮಾಡಿದ ಕರ್ತನ ಹೆಸರಿನಲ್ಲೇ ಈ ಮಾತು ಹೇಳಲ್ಪಟ್ಟಿತು ಎಂಬುದು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ.

ಕೂಲಿಯ ವಿಷಯದಲ್ಲಿ ಸತ್ಯವೇದ ಒಂದಿಷ್ಟೂ ಅಸ್ಪಷ್ಟವಾಗಿಲ್ಲ. ಕೂಲಿಯವನ ಕೂಲಿಯನ್ನು ಮರುದಿನದ ಬೆಳಗಿನ ತನಕ ಇಟ್ಟುಕೊಳ್ಳಬಾರದೆಂದು ಯಾಜಕಕಾಂಡದ 19ನೇ ಅಧ್ಯಾಯ ಹೇಳುತ್ತದೆ. ಧರ್ಮೋಪದೇಶಕಾಂಡದ 24ನೇ ಅಧ್ಯಾಯ ಇನ್ನೂ ಮುಂದೆ ಹೋಗಿ, ಅವನು ಬಡವನು, ಅದರ ಮೇಲೆಯೇ ಮನಸ್ಸಿಟ್ಟಿರುತ್ತಾನೆ, ಆದ್ದರಿಂದ ಹೊತ್ತು ಮುಳುಗುವುದರೊಳಗೆ ಕೊಟ್ಟುಬಿಡು, ಅವನು ಸ್ವದೇಶಿಯಾಗಲಿ ಪರದೇಶಿಯಾಗಲಿ ಒಂದೇ ಎನ್ನುತ್ತದೆ. ಯಾಕೋಬನು ತನ್ನ ಪತ್ರಿಕೆಯ 5ನೇ ಅಧ್ಯಾಯದಲ್ಲಿ, ಹೊಲ ಕೊಯ್ದವರಿಂದ ಹಿಡಿದಿಟ್ಟ ಕೂಲಿಯೇ ಕೂಗಿಕೊಳ್ಳುತ್ತದೆ, ಕೊಯ್ದವರ ಮೊರೆ ಸೇನಾಧೀಶ್ವರನಾದ ಕರ್ತನ ಕಿವಿಗೆ ಬಿದ್ದಿದೆ ಎಂದು ಬರೆದಿದ್ದಾನೆ. ಉದ್ಯೋಗ ಖಾತ್ರಿ ಯೋಜನೆಯಲ್ಲಿ ಕರ್ನಾಟಕಕ್ಕೆ 2025-26ರ ಸಾಲಿಗೆ ದಿನಕ್ಕೆ 370 ರೂಪಾಯಿ ಕೂಲಿ ನಿಗದಿಯಾಗಿತ್ತು. ನಮ್ಮ ಹೊಲಗಳಲ್ಲಿ, ನಮ್ಮ ಮನೆಗಳಲ್ಲಿ ದುಡಿಯುವ ಹೆಣ್ಣಾಳಿಗೆ ನಾವು ಕೊಡುವುದೆಷ್ಟು, ಗಂಡಾಳಿಗೆ ಕೊಡುವುದೆಷ್ಟು ಎಂದು ಒಂದು ಕಾಗದದ ಮೇಲೆ ಬರೆದು ನೋಡಿಕೊಳ್ಳುವುದು ಒಂದು ಗಂಟೆ ಕಣ್ಣು ಮುಚ್ಚಿ ಕೂಡುವುದಕ್ಕಿಂತ ಪ್ರಾಮಾಣಿಕವಾದ ಲೆಂಟ್ ಆಚರಣೆ ಎಂದು ನಾನು ನಂಬುತ್ತೇನೆ.

ಬಡ್ಡಿಯ ಮಾತು ಇನ್ನೂ ಕಷ್ಟದ್ದು, ಏಕೆಂದರೆ ಅದನ್ನು ಯಾರೂ ಪಾಪವೆಂದು ಎಣಿಸುವುದನ್ನೇ ಬಿಟ್ಟಿದ್ದಾರೆ. ಕೈರಿಣ, ಚೀಟಿ, ಬಂಗಾರದ ಅಡವು ಎಂದು ನೂರಕ್ಕೆ ತಿಂಗಳಿಗೆ ಮೂರು, ಐದು ರೂಪಾಯಿಯಂತೆ ಬಡ್ಡಿ ಹಿಡಿಯುವವರು ನಮ್ಮಲ್ಲೂ ಇದ್ದಾರೆ. ವಸೂಲಿಯ ಕಿರುಕುಳ ತಾಳಲಾರದೆ ಜನ ಊರು ಬಿಡುವುದು, ಪ್ರಾಣ ಕಳೆದುಕೊಳ್ಳುವುದು ನಡೆದಿದ್ದರಿಂದಲೇ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಕಿರುಸಾಲದ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ತರಬೇಕಾಯಿತು. ಕರ್ತನ ಗುಡಾರದಲ್ಲಿ ಇಳಿದುಕೊಳ್ಳತಕ್ಕವನು ಯಾರು ಎಂದು ಕೇಳುವ 15ನೇ ಕೀರ್ತನೆ ಕೊಡುವ ಉತ್ತರದಲ್ಲಿ, ಸಾಲ ಕೊಟ್ಟು ಬಡ್ಡಿ ಕೇಳದವನು, ಮಾತು ಕೊಟ್ಟು ನಷ್ಟವಾದರೂ ತಪ್ಪದವನು ಎಂಬ ಎರಡು ಮಾತುಗಳಿವೆ. ನಾನು ಬ್ಯಾಂಕಿನ ವ್ಯವಹಾರವನ್ನು ಇಲ್ಲಿ ಹೇಳುತ್ತಿಲ್ಲ. ಮಗಳ ಹೆರಿಗೆಗೆ, ಗಂಡನ ಆಸ್ಪತ್ರೆ ಖರ್ಚಿಗೆ ಬಾಗಿಲಿಗೆ ಬಂದವಳ ಅಸಹಾಯಕತೆಯ ಮೇಲೆ ಕಟ್ಟುವ ಬಡ್ಡಿಯನ್ನು ಹೇಳುತ್ತಿದ್ದೇನೆ. ಆ ಬಡ್ಡಿಯಲ್ಲಿ ಹತ್ತರಲ್ಲೊಂದು ಪಾಲನ್ನು ದಶಮಭಾಗವೆಂದು ಕಾಣಿಕೆ ಪೆಟ್ಟಿಗೆಗೆ ಹಾಕಿದರೆ ದೇವರು ಅದನ್ನು ಹೇಗೆ ಸ್ವೀಕರಿಸಬೇಕು?

ವರದಕ್ಷಿಣೆಯ ವಿಷಯವನ್ನು ನಾನು ಬೆಳೆಸುವುದಿಲ್ಲ. 1961ರಿಂದ ಅದು ಅಪರಾಧ. ಸಭೆಯಲ್ಲಿ ಮದುವೆಯ ಪ್ರಕಟಣೆ ಓದುವ ಮುನ್ನ ಎರಡೂ ಮನೆಯವರನ್ನು ಕರೆದು ಕೊಡುಕೊಳ್ಳುವಿಕೆಯ ಮಾತು ಆಗಿದೆಯೇ ಎಂದು ಕೇಳುವ ಧೈರ್ಯ ಸಭಾಪಾಲಕರಿಗೆ ಬಂದರೆ ಅರ್ಧ ಕೆಲಸ ಆದಂತೆ.

ಜಾತಿಯ ಮಾತಿಗೆ ಮಾತ್ರ ಸ್ವಲ್ಪ ನಿಲ್ಲಬೇಕಾಗಿದೆ. ಗಲಾತ್ಯದವರಿಗೆ ಬರೆದ ಪತ್ರಿಕೆಯ 2ನೇ ಅಧ್ಯಾಯದಲ್ಲಿ ಪೌಲನು ಅಂತಿಯೋಕ್ಯದಲ್ಲಿ ನಡೆದ ಒಂದು ಘಟನೆಯನ್ನು ಹೇಳುತ್ತಾನೆ. ಯೇಸುವಿನ ಶಿಷ್ಯನೂ ಯೆಹೂದ್ಯನೂ ಆದ ಪೇತ್ರನು ಯೆಹೂದ್ಯರಲ್ಲದ ವಿಶ್ವಾಸಿಗಳ ಜೊತೆ ಕೂತು ಊಟ ಮಾಡುತ್ತಿದ್ದನು. ಯೆರೂಸಲೇಮಿನ ಸಭೆಯ ಮುಖಂಡನಾದ ಯಾಕೋಬನ ಕಡೆಯಿಂದ ಕೆಲವರು ಬಂದ ಕೂಡಲೇ ಅವರಿಗೆ ಹೆದರಿ ಪಂಕ್ತಿಯಿಂದ ಎದ್ದು ಬೇರೆಯಾದನು. ಉಳಿದ ಯೆಹೂದ್ಯರೂ ಹಾಗೆಯೇ ಮಾಡಿದರು, ಬಾರ್ನಬನಂಥವನೂ ಅವರ ಕಪಟದ ಸೆಳೆತಕ್ಕೆ ಸಿಕ್ಕಿದನು. ಪೌಲನು ಪೇತ್ರನನ್ನು ಎಲ್ಲರ ಮುಂದೆ, ಮುಖಾಮುಖಿಯಾಗಿ ಖಂಡಿಸಿದನು. ಪಂಕ್ತಿಭೇದವನ್ನು ಸತ್ಯವೇದ ಕಪಟವೆಂದೇ ಕರೆದಿದೆ ಎಂಬುದನ್ನು ನಮ್ಮ ನಾಡಿನ ಕ್ರೈಸ್ತರು ಉಳಿದವರಿಗಿಂತ ಚೆನ್ನಾಗಿ ಅರಿತುಕೊಳ್ಳಬೇಕಿತ್ತು. ನಮ್ಮ ಪೂರ್ವಿಕರಲ್ಲಿ ಬಹುಪಾಲು ಜನ ಊರ ಹೊರಗೆ ಇಡಲ್ಪಟ್ಟ ಕೇರಿಗಳಿಂದ ಬಂದವರು. ನಿಜಾಮರ ಆಳ್ವಿಕೆಯ ಕಾಲದಲ್ಲಿ, ಬಾವಿಯ ನೀರು ಮುಟ್ಟಲು ಬಿಡದ ಊರುಗಳಲ್ಲಿ, ಒಂದೇ ಪಾತ್ರೆಯಿಂದ ಎಲ್ಲರೂ ಕುಡಿಯುವ ಮೇಜೊಂದಿದೆ ಎಂದು ಕೇಳಿ ಬಂದವರು. ಇಂದು ಅವರ ಮೊಮ್ಮಕ್ಕಳಾದ ನಾವು ಮಗನಿಗೆ ಹೆಣ್ಣು ನೋಡುವಾಗ ಮೊದಲು ಹುಡುಗಿಯ ಓದನ್ನು ಕೇಳುತ್ತೇವೆ, ಆಮೇಲೆ ದನಿ ತಗ್ಗಿಸಿ “ಅವರು ಮೊದಲು ಯಾರು” ಎಂದು ಕೇಳುತ್ತೇವೆ. ತೆಲಂಗಾಣದ ಧಾರೂರಿನ ಕ್ರೈಸ್ತ ಜಾತ್ರೆಯಲ್ಲಿ ಒಂದೇ ಬಯಲಿನಲ್ಲಿ ಡೇರೆ ಹೊಡೆದು ಒಟ್ಟಿಗೆ ಹಾಡುವ ನಾವು ಬೀಗತನದ ಮಾತು ಬಂದಾಗ ಹಳೆಯ ಕೇರಿಗಳಿಗೆ ಹಿಂದಿರುಗುತ್ತೇವೆ.

ಇದರಲ್ಲಿ ಇನ್ನೊಂದು ಕಗ್ಗಂಟಿದೆ. 1950ರ ಸಂವಿಧಾನ (ಪರಿಶಿಷ್ಟ ಜಾತಿಗಳು) ಆದೇಶದಂತೆ ಪರಿಶಿಷ್ಟ ಜಾತಿಯ ಸ್ಥಾನ ಮೊದಲು ಹಿಂದೂಗಳಿಗೆ ಮೀಸಲಾಗಿ, 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ವಿಸ್ತಾರವಾಯಿತು. ಕ್ರೈಸ್ತರಾದ ದಲಿತರಿಗೆ ಸಿಗಲಿಲ್ಲ. ಕರ್ನಾಟಕದಲ್ಲಿ ಅವರನ್ನು ಹಿಂದುಳಿದ ವರ್ಗಗಳ ಪ್ರವರ್ಗ-1ರಲ್ಲಿ ಇಡಲಾಗಿದೆ. 2007ರಲ್ಲಿ ನ್ಯಾಯಮೂರ್ತಿ ರಂಗನಾಥ ಮಿಶ್ರಾ ಆಯೋಗ ಈ ಸ್ಥಾನವನ್ನು ಧರ್ಮಕ್ಕೆ ಕಟ್ಟಿಹಾಕಬಾರದೆಂದು ಶಿಫಾರಸು ಮಾಡಿತು, 2022ರಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ಇನ್ನೊಂದು ಆಯೋಗ ರಚನೆಯಾಯಿತು, 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕ್ರೈಸ್ತ ಧರ್ಮವನ್ನು ಆಚರಿಸುತ್ತ ಮೀಸಲಾತಿಗಾಗಿ ಮಾತ್ರ ಹಿಂದೂ ಎಂದು ಹೇಳಿಕೊಳ್ಳುವುದು ಸಂವಿಧಾನಕ್ಕೆ ಮಾಡುವ ವಂಚನೆ ಎಂದು ತೀರ್ಪಿತ್ತಿತು. ಕಾಗದದಲ್ಲಿ ಒಂದು, ಸಭೆಯಲ್ಲಿ ಒಂದು ಎಂದು ಬದುಕುವ ಬಡ ಕುಟುಂಬಗಳನ್ನು ನಾನು ಕಪಟಿಗಳೆಂದು ಕರೆಯಲಾರೆ. ಧರ್ಮ ಬದಲಿಸಿದರೂ ಜಾತಿಯ ಅವಮಾನ ಬೆನ್ನು ಬಿಡದ ಊರಿನಲ್ಲಿ, ಅವಮಾನಕ್ಕೆ ಪರಿಹಾರವನ್ನು ಮಾತ್ರ ಕಿತ್ತುಕೊಳ್ಳುವ ಕಾನೂನು ಅವರನ್ನು ಆ ಇಕ್ಕಟ್ಟಿಗೆ ತಳ್ಳಿದೆ. ಆ ಕಾನೂನು ಬದಲಾಗಲೇಬೇಕು. ಆದರೆ ನಮ್ಮ ಮುಖಂಡರು ಒಂದು ವಿಷಯವನ್ನು ತಮಗೆ ತಾವೇ ಕೇಳಿಕೊಳ್ಳಬೇಕು. ಆಯೋಗದ ಮುಂದೆ ಹೋದಾಗ ಕ್ರೈಸ್ತರಲ್ಲೂ ಜಾತಿಯ ಭೇದ ಇದೆ, ನಮಗೆ ನ್ಯಾಯ ಕೊಡಿ ಎಂದು ಮನವಿ ಸಲ್ಲಿಸುತ್ತೇವೆ. ಪ್ರಸಂಗಪೀಠದ ಮೇಲೆ ನಿಂತಾಗ ಕ್ರಿಸ್ತನಲ್ಲಿ ಜಾತಿಯಿಲ್ಲ, ನಾವೆಲ್ಲ ಒಂದೇ ಎನ್ನುತ್ತೇವೆ. ದೆಹಲಿಯಲ್ಲಿ ಒಪ್ಪಿಕೊಂಡದ್ದನ್ನು ಬೀದರಿನ ಸಭೆಯೊಳಗೆ ಒಪ್ಪಿಕೊಳ್ಳದಿದ್ದರೆ ನಮ್ಮ ಮನವಿಗೆ ಬಲ ಬರುವುದು ಹೇಗೆ, ನಮ್ಮ ಪ್ರಸಂಗಕ್ಕೆ ಬಲ ಬರುವುದು ಹೇಗೆ?

ಈಗ ನನಗೆ ಗೊತ್ತಿರುವ ಆಕ್ಷೇಪಣೆಗೆ ಬರುತ್ತೇನೆ. ಕ್ರೈಸ್ತರ ಮೇಲೆ ಸಂಶಯದ ಕಣ್ಣು ಬಿದ್ದಿರುವ, ಮನೆಯೊಳಗಿನ ಪ್ರಾರ್ಥನೆಗೂ ದೂರು ದಾಖಲಾಗುವ ಈ ಕಾಲದಲ್ಲಿ ಮನೆಯ ಮಾತನ್ನು ಬೀದಿಗೆ ತರಬಹುದೇ, ವಿರೋಧಿಗಳ ಕೈಗೆ ಕೋಲು ಕೊಟ್ಟಂತಾಗುವುದಿಲ್ಲವೇ ಎಂದು ಹಿರಿಯರೊಬ್ಬರು ನನ್ನನ್ನು ಬಹಳ ಕಳವಳದಿಂದ ಕೇಳಿದ್ದಾರೆ. ಆ ಕಳವಳವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹೆದರಿಕೆಯಲ್ಲಿರುವ ಸಮುದಾಯ ತನ್ನ ತಪ್ಪುಗಳನ್ನು ಮುಚ್ಚಿಕೊಳ್ಳುವುದು ಸಹಜ. ಆದರೂ ನಾನು ಒಪ್ಪಲಾರೆ. ನ್ಯಾಯವಿಚಾರಣೆ ದೇವರ ಮನೆಯಿಂದಲೇ ಆರಂಭವಾಗಬೇಕೆಂದು ಪೇತ್ರನು ಬರೆದದ್ದು ಹಿಂಸೆ ಅನುಭವಿಸುತ್ತಿದ್ದ ಕ್ರೈಸ್ತರಿಗೇ, ನೆಮ್ಮದಿಯಾಗಿದ್ದವರಿಗಲ್ಲ. ಪರರ ಹೆಂಡತಿಯನ್ನು ತೆಗೆದುಕೊಂಡ ಅರಸನಾದ ದಾವೀದನ ಮುಂದೆ ಪ್ರವಾದಿಯಾದ ನಾತಾನನು ನಿಂತು, ಬಡವನ ಒಂದೇ ಒಂದು ಕುರಿಮರಿಯನ್ನು ಉಳ್ಳವನು ಕಿತ್ತುಕೊಂಡ ಕಥೆ ಹೇಳಿ “ಆ ಮನುಷ್ಯನು ನೀನೇ” ಎಂದಾಗ, ರಾಜ್ಯದ ಶತ್ರುಗಳು ಕೇಳಿಸಿಕೊಂಡಾರು ಎಂದು ಹಿಂಜರಿಯಲಿಲ್ಲ. ಅಷ್ಟೇ ಅಲ್ಲ, ಆ ಸಂಗತಿಯನ್ನು ಸತ್ಯವೇದದಲ್ಲಿ ಬರೆದಿಟ್ಟು ನಮ್ಮ ಕೈಗೆ ಕೊಟ್ಟವರೂ ದಾವೀದನ ಜನರೇ. ಗೇಟಿನ ಹತ್ತಿರ ನಿಂತಿದ್ದ ಆ ಹೆಣ್ಣುಮಗಳಿಗೆ ನಮ್ಮ ಬಾಕಿಯ ಸಂಗತಿ ಮೊದಲೇ ಗೊತ್ತಿದೆ, ಅವಳ ಮನೆಯವರಿಗೆ ಗೊತ್ತಿದೆ, ಅವಳ ಊರಿಗೆ ಗೊತ್ತಿದೆ. ಮುಚ್ಚಿಟ್ಟಿದ್ದೇವೆಂದು ತಿಳಿದಿರುವವರು ನಾವು ಮಾತ್ರ.

ಜಕ್ಕಾಯನ ಕಥೆಯನ್ನು ಭಾನುವಾರದ ಶಾಲೆಯ ಮಕ್ಕಳಿಗೆ ಮರ ಹತ್ತಿದ ಕುಳ್ಳನ ಕಥೆಯಾಗಿ ಹೇಳಿಕೊಡುತ್ತೇವೆ. ಲೂಕನ 19ನೇ ಅಧ್ಯಾಯದಲ್ಲಿ ಆ ಕಥೆಯ ತಿರುಳು ಮರದಲ್ಲಿಲ್ಲ. ಸುಂಕದವರ ಮುಖ್ಯಸ್ಥನಾದ ಅವನು ಎದ್ದು ನಿಂತು, ನನ್ನ ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುತ್ತೇನೆ, ಯಾರಿಂದಲಾದರೂ ಅನ್ಯಾಯವಾಗಿ ತೆಗೆದುಕೊಂಡಿದ್ದರೆ ಒಂದಕ್ಕೆ ನಾಲ್ಕರಷ್ಟು ತಿರುಗಿ ಕೊಡುತ್ತೇನೆ ಎಂದನು. ಈ ಹೊತ್ತು ಈ ಮನೆಗೆ ರಕ್ಷಣೆಯಾಯಿತು ಎಂದು ಯೇಸು ಹೇಳಿದ್ದು ಆ ಮಾತನ್ನು ಕೇಳಿದ ಮೇಲೆ. ಇಲ್ಲಿ ಜಕ್ಕಾಯನು ಎಷ್ಟು ಅತ್ತನು, ಎಷ್ಟು ಹೊತ್ತು ಪ್ರಾರ್ಥಿಸಿದನು ಎಂಬುದನ್ನು ಲೂಕನು ಬರೆದಿಲ್ಲ. ಎಷ್ಟು ಕೊಡುತ್ತಾನೆಂದು ಬರೆದಿದ್ದಾನೆ.

ಇದು ಹೊರಗಿನಿಂದ ಬಂದ ಬೋಧನೆಯೆಂದು ಯಾರಾದರೂ ತಿಳಿದರೆ ಅವರಿಗೆ ನಮ್ಮದೇ ಜಿಲ್ಲೆಯ ಕಲ್ಯಾಣವನ್ನು ನೆನಪಿಸಬೇಕಾಗುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಬಿದ್ದ ಅಕ್ಕಿ ಆಯ್ದು ದಾಸೋಹ ನಡೆಸುತ್ತಿದ್ದ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಅವರ ಹೆಂಡತಿ ಲಕ್ಕಮ್ಮನವರು ಇದು ನಮಗೆ ಬೇಕಾದದ್ದಕ್ಕಿಂತ ಹೆಚ್ಚಿನದು, ಎಲ್ಲಿಂದ ತಂದಿರೋ ಅಲ್ಲಿಗೇ ಹಾಕಿ ಬನ್ನಿ ಎಂದು ತಿರುಗಿ ಕಳಿಸಿದ ಕಥೆ ಇಲ್ಲಿನ ಪ್ರತಿ ಮನೆಗೂ ಗೊತ್ತು. ಗಂಡನ ಭಕ್ತಿಯಲ್ಲಿ ಅವರಿಗೆ ಸಂಶಯವಿರಲಿಲ್ಲ. ಆದರೂ ಭಕ್ತನ ಸೆರಗಿನಲ್ಲಿರುವುದನ್ನು ಅಳೆದು ನೋಡುವ ಇನ್ನೊಬ್ಬರು ಬೇಕೆಂಬುದನ್ನು ಅವರು ಬಲ್ಲವರಾಗಿದ್ದರು. ಶರಣರ ನಾಡಿನಲ್ಲಿ ಹುಟ್ಟಿದ ಕ್ರೈಸ್ತರಾದ ನಮಗೆ ಈ ಎರಡು ಪರಂಪರೆಗಳ ಋಣವೂ ಇದೆ.

ನಾನು ಯಾರನ್ನೂ ಕುಗ್ಗಿಸಲು ಬರೆಯುತ್ತಿಲ್ಲ. ನಮ್ಮಲ್ಲಿ ಪಾಪವಿಲ್ಲವೆಂದರೆ ನಮ್ಮನ್ನು ನಾವೇ ಮೋಸಪಡಿಸಿಕೊಳ್ಳುತ್ತೇವೆ, ಅರಿಕೆ ಮಾಡಿದರೆ ಆತನು ನಂಬಿಗಸ್ತನೂ ನೀತಿವಂತನೂ ಆಗಿದ್ದು ಕ್ಷಮಿಸುವನು ಎಂದು ಯೋಹಾನನು ಒಂದೇ ಉಸಿರಿನಲ್ಲಿ ಎರಡನ್ನೂ ಹೇಳಿದ್ದಾನೆ. ಕ್ಷಮೆ ಖಚಿತವಿರುವುದರಿಂದಲೇ ಲೆಕ್ಕ ಬಿಚ್ಚಿಡಲು ಧೈರ್ಯ ಬರುತ್ತದೆ.

ಸಭಾಪಾಲಕರಲ್ಲಿ ನನ್ನ ವಿನಂತಿ ಇಷ್ಟು. ಕರ್ತನ ಭೋಜನದ ಹಿಂದಿನ ಭಾನುವಾರವೇ ಅದನ್ನು ಪ್ರಕಟಿಸಿ, ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಹೋಗಿ ಸಹೋದರನ ಸಂಗಡ ಒಂದಾಗು ಎಂಬ ಮತ್ತಾಯನ 5ನೇ ಅಧ್ಯಾಯದ ಮಾತನ್ನು ಓದಿ, ಒಂದು ವಾರದ ಸಮಯ ಕೊಡಿ. ಆ ವಾರದಲ್ಲಿ ಸಭೆಯ ಹಿರಿಯರು ಹಳೆಯ ಉಪದೇಶಿಗಳಂತೆ ಮನೆಮನೆಗೆ ಹೋಗಿ ಕೂಲಿ, ಬಡ್ಡಿ, ಹೊಲದ ಪಾಲು, ಬಿಟ್ಟ ಮಾತು ಇವುಗಳ ವಿಷಯ ಕೇಳಲಿ. ಮೊದಲು ತಮ್ಮ ತಮ್ಮ ಮನೆಗಳಲ್ಲಿ ಕೇಳಲಿ. ಸಭೆಯೂ ಒಬ್ಬ ಯಜಮಾನನೇ ಆದ್ದರಿಂದ ಸಭೆಯ ಕಾವಲುಗಾರನಿಗೆ, ಕಸ ಗುಡಿಸುವವಳಿಗೆ, ನಮ್ಮ ಶಾಲೆ, ವಸತಿ ನಿಲಯಗಳ ಅಡುಗೆಯವರಿಗೆ ಎಷ್ಟು ತಿಂಗಳ ಸಂಬಳ ಬಾಕಿಯಿದೆ ಎಂಬುದನ್ನು ವರ್ಷದ ಲೆಕ್ಕಪತ್ರದ ಜೊತೆಗೆ ಬಾಗಿಲ ಬಳಿಯ ಬೋರ್ಡಿಗೆ ಹಚ್ಚಲಿ.

ಕ್ರೈಸ್ತರಲ್ಲದ ಓದುಗರಲ್ಲಿಯೂ ಒಂದು ಕೋರಿಕೆಯಿದೆ. ನಮ್ಮವರಲ್ಲಿ ಯಾರಾದರೂ ನಿಮ್ಮ ಕೂಲಿ ಉಳಿಸಿಕೊಂಡಿದ್ದರೆ, ತೀರಿದ ಸಾಲದ ಮೇಲೂ ಬಡ್ಡಿ ಎಳೆಯುತ್ತಿದ್ದರೆ, ಅಡವಿಟ್ಟ ಒಡವೆ ಹಿಂದಿರುಗಿಸದಿದ್ದರೆ ದಯವಿಟ್ಟು ಹತ್ತಿರದ ಸಭೆಯ ಪಾದ್ರಿಯವರಿಗೆ ಬಂದು ಹೇಳಿ. ವಾರದ ಯಾವ ದಿನವಾದರೂ ಬನ್ನಿ, ಭಾನುವಾರವೂ ಬನ್ನಿ. ನಿಮ್ಮನ್ನು ಗೇಟಿನ ಹೊರಗೆ ನಿಲ್ಲಿಸದೆ ಒಳಗೆ ಕರೆದು, ಕೂಡಿಸಿ, ನಿಮ್ಮ ಮಾತು ಕೇಳುವುದು ಅವರ ಕೆಲಸ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿ, ಬೀದರ್